ತೊಟ್ಟಿಲಿನ ಗೆರೆ

ಗುರುವಾರ, ರಾತ್ರಿ ಎರಡು ಗಂಟೆ ನಲವತ್ತು ನಿಮಿಷ
ಹಾಸ್ಟೆಲು, ಎರಡನೆಯ ಮಹಡಿ

ಅಮ್ಮಾ,

ನಿನಗೆ ನಿನ್ನ ಮಗಳ ನಮಸ್ಕಾರ, ಜೊತೆಗೆ ಒಂದಿಷ್ಟು ಸಿಟ್ಟು. ಸಿಟ್ಟಿಗಿಂತ ಭಯವೇ ಜಾಸ್ತಿ.

ಎರಡು ಇಪ್ಪತ್ತಕ್ಕೆ ಎಚ್ಚರವಾಯಿತು. ಎಬ್ಬಿಸಿದ್ದು ನನ್ನ ಕೋಣೆಯ ಬಾಗಿಲ ಹೊರಗಿರುವ ಕುಡಿಯುವ ನೀರಿನ ಕೂಲರು. ಅದಕ್ಕೊಂದು ಚಾಳಿ. ಸುಮ್ಮನಿರುತ್ತದೆ, ಇದ್ದಕ್ಕಿದ್ದಂತೆ ಧಡ್ ಎಂದು ಮೈ ಕೊಡವಿಕೊಂಡು ಗುಂಯ್‌ಗುಡಲು ಶುರುಮಾಡುತ್ತದೆ, ಒಂದಷ್ಟು ಹೊತ್ತು ಗೊಣಗಿ ಮತ್ತೆ ತೆಪ್ಪಗಾಗುತ್ತದೆ. ದಿನಾ ಕೇಳಿ ಕೇಳಿ ಅದು ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ಇವತ್ತು ಬಿತ್ತು.

ಎಚ್ಚರವಾದೊಡನೆ ಮಾಡುವ ಕೆಲಸವನ್ನೇ ಮಾಡಿದೆ. ಫೋನು ತೆಗೆದು ನಮ್ಮ ಒದೆಗುಬ್ಬಿಯ ತೊಟ್ಟಿಲು ನೋಡಿದೆ. ಐದು ತಿಂಗಳ ಹಿಂದೆ, ಒಂಬತ್ತು ತಿಂಗಳ ಕೂಸನ್ನು ನಿನ್ನ ಮಡಿಲಿಗೆ ಹಾಕಿ ಓದು ಮುಗಿಸಲು ಇಲ್ಲಿಗೆ ಹೊರಟಾಗ, ತೊಟ್ಟಿಲಿನ ಕೆಳಪಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಅಂಟಿಸಿದ್ದೆನಲ್ಲ, ಯಂತ್ರಗಳ ನಡುಕ ಅಳೆಯುವ ಸೆನ್ಸರು. ಅವಳು ಹೊರಳಿದರೆ, ಒದ್ದರೆ, ಇಲ್ಲಿ ನನ್ನ ಫೋನಿನಲ್ಲಿ ಗೆರೆ ಕುಣಿಯುತ್ತದೆ. ಎಲ್ಲ ಸರಿಯಿದ್ದರೆ ಪಕ್ಕದಲ್ಲೊಂದು ಹಸಿರು ಚುಕ್ಕೆ. ಆವತ್ತು ನೀನು ನಗಾಡಿದ್ದೆ, "ಮಗೂನೂ ಮಿಷನ್ ಮಾಡ್ಬಿಟ್ಯಲ್ಲೇ" ಅಂತ. ಆಮೇಲೆ ಏನೂ ಅರಿಯದವಳ ಹಾಗೆ, ಕೆಂಪು ಯಾವಾಗ ಬರುತ್ತೆ ಅಂತ ಕೇಳಿದ್ದೆ. ನಾನು ದೊಡ್ಡ ಮೇಷ್ಟ್ರ ಹಾಗೆ ಪಾಠ ಮಾಡಿದೆ. ಜೋರಾಗಿ ಅಲುಗಿದರೂ ಕೆಂಪು, ಅರ್ಧ ಗಂಟೆ ಒಂಚೂರೂ ಅಲುಗದಿದ್ದರೂ ಕೆಂಪು, ಸಣ್ಣಗೆ ಅಲುಗುತ್ತಿದ್ದರೆ ಹಸಿರು. ನನ್ನ ಕಣ್ಣಿಗೆ ಮಣ್ಣೆರಚುವುದು ಹೇಗೆಂದು ನಾನೇ ನಿನಗೆ ಹೇಳಿಕೊಟ್ಟ ಹಾಗಾಯಿತು.

ಒಂಬತ್ತು ರಾತ್ರಿಗಳಿಂದ ಹಸಿರು ಚುಕ್ಕೆ ಕದಲಿಲ್ಲ. ನಾನೆಂಥ ಪೆದ್ದಿ ನೋಡು, ಖುಷಿಪಟ್ಟೆ. ಹನ್ನೊಂದಕ್ಕೆ ಒದೆಯುವವಳು, ಎರಡಕ್ಕೆ ಮಗುಚುವವಳು, ನಾಲ್ಕಕ್ಕೆ ಎದ್ದು ಕಂಬಿ ಹಿಡಿದು ತೊಟ್ಟಿಲನ್ನೇ ಅಲ್ಲಾಡಿಸುವವಳು ಕೊನೆಗೂ ನಿದ್ದೆ ಕಲಿತಳು ಎಂದುಕೊಂಡೆ. ಹಡಗಿನಲ್ಲಿರುವ ನಿನ್ನ ಅಳಿಯನಿಗೂ ಆ ಗೆರೆಯ ಚಿತ್ರ ಕಳಿಸಿದೆ. ಆತ ನಡುಸಮುದ್ರದಿಂದ ಅದಕ್ಕೊಂದು ಮುತ್ತು ಕಳಿಸಿದ.

ಇವತ್ತು ಕೂಲರು ಗೊಣಗುತ್ತಿರುವಾಗ ನಿದ್ದೆಗಣ್ಣಿನಲ್ಲಿ ಆ ಗೆರೆಯನ್ನು ಹಿಗ್ಗಿಸಿ ನೋಡಿದೆ. ಹದಿನೆಂಟು ನಿಮಿಷ ಸಣ್ಣ ನಡುಕ. ಇಪ್ಪತ್ತೆರಡು ನಿಮಿಷ ಸುಮ್ಮನೆ. ಮತ್ತೆ ಹದಿನೆಂಟು, ಮತ್ತೆ ಇಪ್ಪತ್ತೆರಡು. ನೀನು ಮಲಗುವ ಹೊತ್ತಿನಿಂದ ಏಳುವವರೆಗೆ, ಒಂಬತ್ತೂ ರಾತ್ರಿ. ಅಮ್ಮಾ, ಯಾವ ಮಗುವೂ ಹಾಗೆ ನಿದ್ದೆ ಮಾಡುವುದಿಲ್ಲ. ಹಾಗೆ ನಿದ್ದೆ ಮಾಡುವುದು ಫ್ರಿಜ್ಜು.

ಡಬ್ಬಿಯನ್ನು ಕಿತ್ತು ಫ್ರಿಜ್ಜಿನ ಮೇಲಿಟ್ಟಿದ್ದೀಯ. ಹೊಲಿಗೆ ಯಂತ್ರದ ಮೇಲಿಡಲಿಲ್ಲ, ಅದು ರಾತ್ರಿ ಓಡುವುದಿಲ್ಲ. ನಲವತ್ತು ವರ್ಷ ಊರವರ ಬಟ್ಟೆ ಹೊಲಿದವಳು, ಸದ್ದು ಕೇಳಿಯೇ ಎಲ್ಲಿಗೆ ಎಣ್ಣೆ ಬೇಕು ಅನ್ನುವವಳು, ನಿನಗೆ ಇಷ್ಟು ಹೊಳೆಯದೆ ಇರುತ್ತದೆಯೇ? ನನಗೆ ಬೇಕಾಗಿರುವುದು ಒಂದೇ ಉತ್ತರ. ತೊಟ್ಟಿಲಿನಲ್ಲಿ ಇಲ್ಲದಿದ್ದರೆ ನನ್ನ ಮಗಳು ಎಲ್ಲಿದ್ದಾಳೆ?

ಏಳು ಸಲ ಫೋನ್ ಮಾಡಿದೆ. ನೀನು ರಾತ್ರಿ ಅದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬಾಯಿ ಮುಚ್ಚಿಸಿ ಮಲಗುತ್ತೀಯ ಅಂತ ಗೊತ್ತು. ಅದಕ್ಕೇ ಈ ಕಾಗದ. ಎದ್ದವಳು ಮೊದಲು ಅಡುಗೆಮನೆಗೆ ಬರುತ್ತೀಯ, ದೀಪ ಹಾಕುತ್ತೀಯ, ಕನ್ನಡಕ ಹುಡುಕಿ ಫೋನು ನೋಡುತ್ತೀಯ. ಆಗ ಇದನ್ನು ಪೂರ್ತಿ ಓದಬೇಡ. ಇಷ್ಟು ಓದಿ ಫೋನ್ ಮಾಡು. ಉಳಿದದ್ದನ್ನು ಆಮೇಲೆ ಓದಿಕೊ.

ಮೂರು ಗಂಟೆ. ಮತ್ತೆ ಮಾಡಿದೆ. ಎಂಟು.

ಒಂದು ಎಳೆ ಕೈಗೆ ಸಿಕ್ಕರೆ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಫೋನಿನ ಕ್ಯಾಮೆರಾ ಕೆಟ್ಟಿದೆ ಅಂದೆಯಲ್ಲ, ಅದು ಕೆಟ್ಟದ್ದೂ ಒಂಬತ್ತು ದಿನಗಳ ಹಿಂದೆಯೇ. ಭಾನುವಾರ ಅವಳು ಕಿಲಕಿಲ ನಗುವ ಧ್ವನಿ ಕಳಿಸಿದೆಯಲ್ಲ, ಈಗ ಅದನ್ನು ಹತ್ತು ಸಲ ಕೇಳಿದೆ. ನಗುವಿನ ಹಿಂದೆ ಪಕ್ಕದ ಮನೆಯವರು ಗೋಡೆ ಕೊರೆಯುವ ಸದ್ದಿದೆ. ಆ ರಿಪೇರಿ ಮುಗಿದು ಎರಡು ವಾರವಾಯಿತು. "ಅಂತೂ ಕಿವಿ ತಣ್ಣಗಾಯ್ತು ಕಣೇ" ಅಂತ ನೀನೇ ಹೇಳಿದ್ದೆ. ಹಳೆಯ ನಗುವನ್ನು ಹೊಸದೆಂದು ಕಳಿಸಿದ್ದೀಯ.

ಇದನ್ನು ನೀನು ಮೊದಲ ಸಲ ಮಾಡುತ್ತಿಲ್ಲ. ಇದುವರೆಗೆ ನಾನು ಬಾಯಿಬಿಟ್ಟು ಅಂದಿಲ್ಲ, ಇವತ್ತು ಅನ್ನುತ್ತೇನೆ. ನನ್ನ ಡಿಗ್ರಿಯ ಕೊನೆಯ ಪರೀಕ್ಷೆಗಳು ನಡೆಯುತ್ತಿದ್ದಾಗ ಅಪ್ಪ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ ಅಂದೆ. ಕೊನೆಯ ಪೇಪರು ಬರೆದು ಹೊರಗೆ ಬಂದ ಸಂಜೆ ಹೇಳಿದೆ, ಆಸ್ಪತ್ರೆಗೆ ಸೇರಿ ಹನ್ನೊಂದು ದಿನವಾಯಿತೆಂದು. ನಾನು ಮಂಚದ ಹತ್ತಿರ ನಿಂತಾಗ ಅವರಿಗೆ ನನ್ನ ಗುರುತು ಹತ್ತಲಿಲ್ಲ. "ಯಾರು, ನರ್ಸಾ?" ಅಂದರು. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ನೀನು ಎಲ್ಲರ ಮುಂದೆ ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ. ಆ ಮಾರ್ಕ್ಸ್ ಕಾರ್ಡನ್ನು ನಾನು ಇವತ್ತಿಗೂ ಬಿಚ್ಚಿ ನೋಡುವುದಿಲ್ಲ ಅಮ್ಮಾ.

ಬೆಳಿಗ್ಗೆ ಒಂಬತ್ತಕ್ಕೆ ನನ್ನ ಪ್ರಬಂಧದ ಮಂಡನೆ. ಅದು ಮುಗಿಯಲಿ ಅಂತ ಕಾಯುತ್ತಿದ್ದೀಯ. ಆರು ಗಂಟೆಗೆ ನಮ್ಮೂರಿನ ಬಸ್ಸು, ದಾರಿ ಒಂಬತ್ತು ತಾಸಿನದು. ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿದೆ, ತೆಗೆದೆ, ಮತ್ತೆ ತುಂಬಿದೆ.

ನಿನ್ನನ್ನು ಬೈಯುತ್ತಿರುವ ನಾನು ಏನು ಮಹಾ ಸಾಚಾ? ಅದನ್ನೂ ಹೇಳಿಬಿಡುತ್ತೇನೆ.

ಸ್ಮಾರ್ಟ್ ಮ್ಯಾನ್ಯುಫ್ಯಾಕ್ಚರಿಂಗ್‌ನಲ್ಲಿ ಎಂ.ಟೆಕ್. ಮಾಡುತ್ತೇನೆ ಅಂದಾಗ ನೀನು ಕೇಳಿದ್ದೆ, "ಮಿಷನ್ನಿಗೆ ಬುದ್ಧಿ ಕಲಿಸೋಕೆ ಎರಡೇ ವರ್ಷ ಸಾಕಾ? ನಿನಗೆ ನಾನು ಇಪ್ಪತ್ತು ವರ್ಷ ಕಲಿಸಿದ್ರೂ ಬರ್ಲಿಲ್ವಲ್ಲೇ!" ಆ ಬುದ್ಧಿ ಕಲಿಸುವ ಕೆಲಸವೇ ನನ್ನ ಪ್ರಬಂಧ. ಕಾಲೇಜಿನ ಹಿಂದೆ ಬಿಡಿಭಾಗ ಮಾಡುವ ಕಾರ್ಖಾನೆಯಿದೆ. ಅಲ್ಲಿ ಉಕ್ಕನ್ನು ಕೊರೆಯುವ ಒಂದು ಯಂತ್ರದ ನಡುಕವನ್ನು ಆರು ವಾರ ಅಳೆದು, ಸರಿಯಾಗಿ ಓಡುವಾಗ ಹೀಗಿರುತ್ತದೆ ಎಂದು ನನ್ನ ಪ್ರೋಗ್ರಾಮಿಗೆ ಕಲಿಸಿದೆ. ಇನ್ನು ಮುಂದೆ ನಡುಕ ಬೇರೆಯಾದರೆ ಅದು ತಾನಾಗಿಯೇ ಕೂಗಬೇಕು. ಯಂತ್ರದ ಮುಂದೆ ಯಾರೂ ನಿಂತಿರಬೇಕಾಗಿಲ್ಲ.

ಈಗ ನಿಂತಿರುವವರು ನಿನ್ನ ವಾರಿಗೆಯ ಹೆಂಗಸು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುತ್ತಾರೆ, ಹಾಗಾಗಿ ಎಲ್ಲರೂ ಡಾಕ್ಟ್ರಮ್ಮ ಅನ್ನುತ್ತಾರೆ. ಮೊದಲ ದಿನ ಅಲ್ಲಿಗೆ ಹೋದಾಗ ನನ್ನ ಎದೆಹಾಲು ಸೋರಿ ಅಂಗಿಯೆಲ್ಲ ಒದ್ದೆಯಾಗಿತ್ತು. ಸುತ್ತ ಗಂಡಸರು. ಆಕೆ ತಮ್ಮ ನೀಲಿ ಕೋಟು ಬಿಚ್ಚಿ ನನಗೆ ತೊಡಿಸಿ, ಮಗುವಿಗೆ ಎಷ್ಟು ತಿಂಗಳು ಅಂತ ಕೇಳಿದರು. ಆಮೇಲೆ ದಿನಾ ಅದೇ ತಮಾಷೆ, "ಏನಮ್ಮಾ, ನಿನ್ನ ಡಬ್ಬಿಗೆ ಜ್ವರ ಬಂದ್ರೆ ಅದನ್ನ ಯಾರು ನೋಡ್ತಾರೆ? ನಾನೇ ತಾನೆ?"

ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ಗೈಡು ಇಡೀ ವಿಭಾಗಕ್ಕೆ ತೋರಿಸಿದರು. ಕಳೆದ ಶುಕ್ರವಾರ ಮಧ್ಯಾಹ್ನ, ಮರೆತ ಚಾರ್ಜರು ತರಲೆಂದು ಹೇಳದೆ ಕೇಳದೆ ಅಲ್ಲಿಗೆ ಹೋದೆ. ಡಾಕ್ಟ್ರಮ್ಮ ವೇಗದ ಗುಂಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಯಂತ್ರ ಗೊರಗೊರ ಅನ್ನಲು ಶುರುವಾದ ಕೂಡಲೇ ಮೆಲ್ಲಗೆ ವೇಗ ಇಳಿಸುವುದು, ಅದು ಸಮಾಧಾನವಾದ ಮೇಲೆ ಏರಿಸುವುದು. ಯಾವಾಗಿನಿಂದ ಹೀಗೆ ಮಾಡ್ತಿದ್ದೀರಿ ಅಂದೆ. ಅವರಿಗೆ ಅದು ಗುಟ್ಟೇ ಅಲ್ಲ. "ನೀನು ಬಂದಾಗಿನಿಂದ್ಲೂ. ಇದು ಕೂಗಾಡಿದ್ರೆ ನಿನ್ನ ಗೆರೆ ಕೆಡುತ್ತಲ್ವಾ? ಬೇಗ ಮುಗಿಸ್ಕೊಂಡು ಮಗು ಹತ್ರ ಹೋಗಲಿ ಅಂತ" ಅಂದರು.

ನನ್ನ ಪ್ರೋಗ್ರಾಂ ಆ ಯಂತ್ರವನ್ನು ಕಲಿತಿಲ್ಲ ಅಮ್ಮಾ, ಡಾಕ್ಟ್ರಮ್ಮನ ಕೈಯನ್ನು ಕಲಿತಿದೆ. ಬೆಳಿಗ್ಗೆ ಅದಕ್ಕೆ ಒಪ್ಪಿಗೆ ಸಿಕ್ಕರೆ ಕಾರ್ಖಾನೆಯವರು ಅವರನ್ನು ಪ್ಯಾಕಿಂಗಿಗೆ ಕಳಿಸುತ್ತಾರೆ. ಆಗ ಆ ಗುಂಡಿ ತಿರುಗಿಸುವವರು ಯಾರು? ತಮ್ಮ ಜಾಗ ಹೋಗುತ್ತದೆ ಅಂತ ಅವರಿಗೂ ಗೊತ್ತು. ಗೊತ್ತಿದ್ದೂ ತಿರುಗಿಸಿದರು.

ಆರು ದಿನ ಇದನ್ನು ನುಂಗಿಕೊಂಡಿದ್ದೆ. ಹೇಳಿದರೆ ಮತ್ತೆ ಅಳೆಯಬೇಕು, ಇನ್ನೊಂದು ಸೆಮಿಸ್ಟರು, ಅಂದರೆ ಇನ್ನೂ ಆರು ತಿಂಗಳು. ಆರು ತಿಂಗಳಿಗೆ ಅವಳು ಓಡಾಡುತ್ತಾಳೆ, ಮಾತು ಕಲಿಯುತ್ತಾಳೆ, ನನ್ನನ್ನು ನೋಡಿ "ಯಾರು?" ಅನ್ನುತ್ತಾಳೆ. ಅದೊಂದನ್ನು ತಪ್ಪಿಸಿಕೊಳ್ಳಲು ಸುಮ್ಮನಿದ್ದೆ.

ಇನ್ನೊಂದು ಸುಳ್ಳಿದೆ. ದಿನಾ ರಾತ್ರಿ ಒಂಬತ್ತೂವರೆಗೆ ನಿನಗೆ ನನ್ನ ಸಂದೇಶ ಬರುತ್ತದಲ್ಲ, "ಊಟ ಆಯ್ತಮ್ಮ, ಮಲಗ್ತೀನಿ" ಅಂತ, ಅದನ್ನು ನಾನು ಕೂತು ಬರೆಯುವುದಿಲ್ಲ. ತಿಂಗಳಿಗೊಮ್ಮೆ ಮೂವತ್ತನ್ನೂ ಬರೆದು ಹೊತ್ತು ಗೊತ್ತುಮಾಡಿ ಇಟ್ಟುಬಿಡುತ್ತೇನೆ, ಫೋನು ತಾನೇ ಕಳಿಸುತ್ತದೆ. ಆ ಹೊತ್ತಿನಲ್ಲಿ ನಾನು ಎಷ್ಟೋ ದಿನ ಲ್ಯಾಬಿನಲ್ಲಿ ಉಪವಾಸ ಕೂತಿರುತ್ತೇನೆ. ಮಲಗುವುದಂತೂ ಇಲ್ಲವೇ ಇಲ್ಲ. ನೀನು ಫ್ರಿಜ್ಜನ್ನು ಮಗು ಅಂತ ತೋರಿಸಿದೆ, ನಾನು ಗಡಿಯಾರವನ್ನು ಮಗಳು ಅಂತ ತೋರಿಸಿದೆ. ನೀನು ಒಂಬತ್ತು ದಿನ, ನಾನು ಐದು ತಿಂಗಳು.

ನಾಲ್ಕು ಗಂಟೆ ಹತ್ತು ನಿಮಿಷ. ಈಗ ಒಂದು ಕೆಲಸ ಮಾಡಿದೆ. ಗೈಡಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಗುಂಡಿಯ ವಿಷಯ, ಆರು ದಿನ ಮುಚ್ಚಿಟ್ಟ ವಿಷಯ, ಮಂಡನೆಗೆ ಬರುವುದಿಲ್ಲ ಎಂಬ ವಿಷಯ. ತಪ್ಪು ನನ್ನದು, ಡಾಕ್ಟ್ರಮ್ಮನದಲ್ಲ ಅಂತಲೂ ಬರೆದೆ. ಹೋಯಿತು, ವಾಪಸು ತೆಗೆದುಕೊಳ್ಳುವಂತಿಲ್ಲ. ಇನ್ನೊಂದು ಸೆಮಿಸ್ಟರು ಮಾಡುತ್ತೇನೆ. ನಾನೂ ಒಂದು ಸ್ಕ್ರೂಡ್ರೈವರು ಕಿವಿಗಿಟ್ಟುಕೊಂಡು ಮೊದಲಿಂದ ಶುರುಮಾಡುತ್ತೇನೆ. ಈ ಸಲ ಮಗಳನ್ನು ಬಿಟ್ಟು ಬರುವುದಿಲ್ಲ, ಕೋಣೆ ಮಾಡಿಕೊಂಡು ಕರೆದುಕೊಂಡೇ ಬರುತ್ತೇನೆ. ಅದನ್ನೆಲ್ಲ ಆಮೇಲೆ ಜಗಳವಾಡಿ ತೀರ್ಮಾನಿಸೋಣ.

ಈಗ ನೀನು ತಿಳಿದುಕೊಳ್ಳಬೇಕಾದದ್ದು ಇಷ್ಟೇ. ಒಂಬತ್ತು ಗಂಟೆಗೆ ನನಗೆ ಯಾವ ಪರೀಕ್ಷೆಯೂ ಇಲ್ಲ. ಕೆಡುವುದಕ್ಕೆ ಏನೂ ಉಳಿದಿಲ್ಲ. ನನ್ನಿಂದ ಬಚ್ಚಿಡಲು ನಿನಗೆ ಇನ್ನು ಕಾರಣವೇ ಇಲ್ಲ. ಜ್ವರವಾದರೆ ಜ್ವರ ಅನ್ನು. ಬಿದ್ದಿದ್ದರೆ ಬಿದ್ದಳು ಅನ್ನು. ಅದಕ್ಕಿಂತ ದೊಡ್ಡದಾದರೂ ನಿನ್ನ ಬಾಯಿಂದಲೇ ಹೇಳು. ಬರಿಯ ಹಲ್ಲೇ ಆಗಿರಲಿ, ಹಲ್ಲು ಬರುವ ಕಿರಿಕಿರಿಗೆ ನಿನ್ನ ಪಕ್ಕದಲ್ಲಿ ಮಲಗಿಸಿಕೊಂಡಿದ್ದೀಯ ಅಷ್ಟೇ ಆಗಿರಲಿ, ನಾನು ಜೀವಮಾನವಿಡೀ ನಿನ್ನ ಬೈಗುಳ ತಿನ್ನುತ್ತೇನೆ.

ನಿನ್ನ ಮಗಳು,
ಒದೆಗುಬ್ಬಿಯ ಅಮ್ಮ

ಮರೆತದ್ದು: ನಾಲ್ಕು ಗಂಟೆ ಮೂವತ್ತೆರಡು ನಿಮಿಷ. ಕಳಿಸುವ ಮುಂಚೆ ಇನ್ನೊಮ್ಮೆ ಗೆರೆ ನೋಡಿದೆ. ಅದು ಎಗರಿತು. ಎಗರಿ, ಎರಡು ಕ್ಷಣ ಬಿಟ್ಟು ಮತ್ತೆ ಎಗರಿತು. ಅದು ಫ್ರಿಜ್ಜಿನ ಬಾಗಿಲು, ತೆರೆದದ್ದು, ಹಾಕಿದ್ದು. ಎದ್ದಿದ್ದೀಯ ಅಮ್ಮಾ! ಮನೆಯಲ್ಲೇ ಇದ್ದೀಯ. ಐದು ನಿಮಿಷದಲ್ಲಿ ಮೂರು ಸಲ ತೆರೆದೆ. ಹಾಲಿಗಾದರೆ ಒಂದು ಸಲ ಸಾಕು. ಐಸಿಗೆ ತೆರೆದೆಯಾ? ಔಷಧಿಗಾ? ಫೋನು ನಿನ್ನ ಎಡಗೈ ಪಕ್ಕದಲ್ಲೇ, ಚಾರ್ಜಿಗೆ ಹಾಕಿದಲ್ಲೇ ಇದೆ. ಬೆಳಗಾಗಲಿ ಅಂತ ಕಾಯಬೇಡ. ನಿನಗೆ ಮಾತಾಡಲು ಆಗದಿದ್ದರೆ ಅವಳ ಬಾಯಿಯ ಹತ್ತಿರ ಹಿಡಿ, ಉಸಿರಾದರೂ ಕೇಳಿಸಲಿ. ಅವಳ ಉಸಿರು ಯಾವುದು, ಫ್ರಿಜ್ಜು ಯಾವುದು, ಈಗ ನನಗೆ ಗೊತ್ತಾಗುತ್ತದೆ. ಬಸ್ಸು ಆರಕ್ಕೆ. ಫೋನ್ ಮಾಡಮ್ಮಾ, ಈಗಲೇ ಮಾಡು.