ಅಂಗಳದ ಪರ್ಣಶಾಲೆ

ಸೆಪ್ಟೆಂಬರ್ 28, ಭಾನುವಾರ

ಚರ್ಚಿಂದ ಬಂದು, ಬಟ್ಟೆ ನೆನೆಹಾಕಿ, ಈಗ ಕೂತೆ. ಬುಧವಾರದ ಮಹಿಳಾ ಕೂಟದ ಪಾಠ ಇನ್ನೂ ಆಗಿಲ್ಲ. ಪಾಸ್ಟರ್ ನನ್ನ ತಲೆಗೇ ಕಟ್ಟಿದಾರೆ — ಯೆಹೂದ್ಯರ ಹಬ್ಬಗಳು, ಅವುಗಳಲ್ಲಿ ಕ್ರಿಸ್ತ. ಆಸ್ಪತ್ರೆಯ ಹರಿದ ಚಾದರಕ್ಕೆ ತೇಪೆ ಹಾಕೋಳು ನಾನು. ಬೇಡ ಅನ್ನೋಕೆ ಬಾಯಿ ಬರಲಿಲ್ಲ.

ಚಾರ್ಟ್ ಶುರು ಮಾಡಿದೆ. ಎಡಕ್ಕೆ ಹಬ್ಬ, ಬಲಕ್ಕೆ ಅರ್ಥ. ಪಸ್ಕ — ಬಾಗಿಲಿಗೆ ಹಚ್ಚಿದ ಕುರಿಮರಿ ರಕ್ತ; ನಮಗೆ ಶಿಲುಬೆ. ಹುಳಿಯಿಲ್ಲದ ರೊಟ್ಟಿ — ಪಾಪ ಸೋಕದ ದೇಹ. ಪ್ರಥಮಫಲ — ಪುನರುತ್ಥಾನ. ಪಂಚಾಶತ್ತಮ — ಪವಿತ್ರಾತ್ಮ ಇಳಿದ ದಿನ. ಇಲ್ಲೀತನಕ ನೀರು ಕುಡಿದ ಹಾಗೆ ಆಯ್ತು. ಪರ್ಣಶಾಲೆಗಳ ಹಬ್ಬಕ್ಕೆ ಬಂದಾಗ ಪೆನ್ನು ನಿಂತಿತು. ಎಲೆ ಹೊದಿಸಿದ ಗುಡಿಸಲಲ್ಲಿ ಕೂತು ಊಟ ಮಾಡೋದಕ್ಕೆ ಏನಂತ ಅರ್ಥ ಬರೀಲಿ? ಬಲಗಡೆ ಖಾಲಿ ಬಿಟ್ಟೆ.

ಸೆಪ್ಟೆಂಬರ್ 30, ಮಂಗಳವಾರ

ಡ್ಯೂಟಿ ಮುಗಿಸಿ ಬರೋಷ್ಟರಲ್ಲಿ ಮೇಲ್ಮಹಡಿ ಅಕ್ಕ ನಮ್ಮ ಬಾಗಿಲಲ್ಲಿ. ಕನ್ನಡಕದಂಗಡಿ ಇಟ್ಟಿದ್ದವರು, ಈಗ ಮುಚ್ಚಿದಾರೆ. ಯೆಹೂದಿ. ಇಷ್ಟು ವರ್ಷದಲ್ಲಿ ನಮ್ಮಿಂದ ಒಂದು ಚಮಚ ಸಕ್ಕರೆ ಕೇಳಿದವರಲ್ಲ.

"ಒಂದು ಉಪಕಾರ ಆಗ್ಬೇಕಿತ್ತಮ್ಮ. ನಿಮ್ಮ ಅಂಗಳ ಒಂದು ವಾರ ಬೇಕು."

ಪ್ರತಿ ವರ್ಷ ಅಕ್ಕ, ಅವರ ಅಣ್ಣ ಸೇರಿ ತಾರಸಿ ಮೇಲೆ ಹಬ್ಬದ ಗುಡಿಸಲು ಕಟ್ತಿದ್ರು. ಈ ವರ್ಷ ಅಣ್ಣನಿಗೆ ಸ್ಟ್ರೋಕ್ ಆಗಿದೆ. ರೈಲು ಓಡಿಸ್ತಿದ್ದ ಮನುಷ್ಯ, ಈಗ ಗಾಲಿಕುರ್ಚಿ. ಮಾತೂ ಹೋಗಿದೆ — ಒಂದು ಪದ, ಅದರ ಹಿಂದೆ ಇನ್ನೊಂದಕ್ಕೆ ಒದ್ದಾಟ. ತಾರಸಿಗೆ ಹತ್ತಿಸೋಕಾಗಲ್ಲ. ಕೆಳಗಿಳಿಸಬಹುದು.

ನಮ್ಮ ಯಜಮಾನರ ಪ್ಲಂಬಿಂಗ್ ಪೈಪೆಲ್ಲ ಅಂಗಳದಲ್ಲೇ ಬಿದ್ದಿರೋದು. "ಪೈಪ್ ಎಲ್ಲಿಡ್ಲಿ? ನಿನ್ನ ತಲೆ ಮೇಲಾ?" ಅಂದ್ರು. ಆಮೇಲೆ ತಾವೇ ಮೇಲೆ ಹೋಗಿ "ಅಕ್ಕ, ಕಟ್ಟೋದು ನನಗೆ ಬಿಡಿ" ಅಂತ ಹೇಳಿ ಬಂದ್ರು.

ಅಕ್ಟೋಬರ್ 2, ಗುರುವಾರ

ಮೇಲೆ ನಲ್ಲಿ ಸದ್ದೇ ಇಲ್ಲ. ಇವತ್ತು ಅವರ ದೋಷಪರಿಹಾರಕ ದಿನ. ನಿನ್ನೆ ಸಂಜೆಯಿಂದ ಅಕ್ಕ ನೀರೂ ಮುಟ್ಟಿಲ್ಲ, ಈ ವಯಸ್ಸಲ್ಲಿ. ಅಣ್ಣನಿಗೆ ಮಾತ್ರ ಮಾತ್ರೆ, ಗಂಜಿ — ಕಾಯಿಲೆಯವರಿಗೆ ಉಪವಾಸ ಇಲ್ಲವಂತೆ.

ಇದನ್ನೇ ನಿನ್ನೆ ಕೂಟದಲ್ಲಿ ಪಾಠ ಮಾಡಿದ್ದೆ. ಜನರ ಪಾಪ ಕಳೆಯೋಕೆ ಮಹಾಯಾಜಕ ವರ್ಷಕ್ಕೊಮ್ಮೆ ದೇವಾಲಯದ ಪರದೆಯೊಳಗೆ ಹೋಗ್ತಿದ್ದ. ಕ್ರಿಸ್ತ ಒಂದೇ ಸಲ ಹೋದ, ಎಲ್ಲರಿಗೂ ಸೇರಿ. ಕೊನೆಗೆ ಬೋರ್ಡ್ ಮೇಲೆ ದಪ್ಪಕ್ಷರದಲ್ಲಿ: ಹಬ್ಬಗಳು ನೆರಳು, ನಿಜರೂಪ ಕ್ರಿಸ್ತ. ಕಾಯರ್ ಮೇಡಂ — ಚರ್ಚಲ್ಲಿ ಹಾಡು ನಡೆಸೋರು — ತಲೆದೂಗಿ ಬರಕೊಂಡ್ರು. ಪಾಸ್ಟರಿಗೂ ಖುಷಿ. "ಸಿಸ್ಟರ್, ನಿಮ್ಮನೇಲೇ ಪರ್ಣಶಾಲೆ ಎದ್ದೇಳ್ತಿದೆಯಂತೆ? ಮುಂದಿನ ಬುಧವಾರ ಎಲ್ಲರನ್ನೂ ಅಲ್ಲಿಗೇ ಕರ್ಕೊಂಡು ಹೋಗಿ. ಕಣ್ಣಾರೆ ನೋಡಲಿ."

ಹೂಂ ಅಂದೆ. ಅಕ್ಕನ್ನ ಕೇಳ್ಬೇಕು.

ಅಕ್ಟೋಬರ್ 5, ಭಾನುವಾರ

ದಿನವೆಲ್ಲ ಕಟ್ಟಿದ್ದೇ ಆಯ್ತು. ಕಂಬ ಇವರ ಪೈಪ್, ಗೋಡೆ ನನ್ನ ಹಳೇ ಕರ್ಟನ್. ಸೂರಿನ ವಿಷಯ ಬಂದಾಗ ಅಕ್ಕ ಮೇಸ್ತ್ರಿಯಾಗಿಬಿಟ್ರು. ಬಾಲ್ಕನಿ ಕೆಳಗೆ ಬರಬಾರದು, ನೆತ್ತಿ ಮೇಲೆ ಆಕಾಶ ಇರಬೇಕು. ಸೂರಿಗೆ ನೆಲದಲ್ಲಿ ಬೆಳೆದದ್ದೇ ಆಗ್ಬೇಕು. ಸೊಪ್ಪನ್ನ ಪೈಪ್ ಮೇಲೆ ನೇರ ಇಡಬಾರದು, ನಡುವೆ ಮರದ ಪಟ್ಟಿ. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದ್ರೂ ಸಂದಿಯಲ್ಲಿ ನಕ್ಷತ್ರ ಕಾಣಬೇಕು.

"ಅಂದ್ರೆ ಸೋರೋ ಸೂರು ಕಟ್ಟು ಅಂತೀರಿ," ಅಂದ್ರು ಇವರು. "ನನ್ನ ಕಸುಬಿಗೇ ಅವಮಾನ."

ಅಕ್ಕ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಕಿಟಕಿಯಲ್ಲಿ ಕೂತಿದ್ದ ಅಣ್ಣನೂ ಬಾಯಿ ಓರೆ ಮಾಡಿಕೊಂಡು ನಕ್ಕರು.

ಬುಧವಾರದ ಮಾತು ಎತ್ತಲಿಲ್ಲ. ಅಷ್ಟು ಖುಷಿಯಲ್ಲಿದ್ರು... ನಾಳೆ ಕೇಳಿದ್ರಾಯ್ತು.

ಅಕ್ಟೋಬರ್ 8, ಬುಧವಾರ

ಕೇಳಲೇ ಇಲ್ಲ. ಕರ್ಕೊಂಡು ಬಂದುಬಿಟ್ಟೆ.

ಅಣ್ಣ ತಂಗಿ ಒಳಗೆ ಊಟಕ್ಕೆ ಕೂತಿದ್ರು. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದ್ರು. ಆಮೇಲೆ ಎದ್ದು "ಬನ್ನಿ, ಬನ್ನಿ" ಅಂದ್ರು. ಬಂದವರೆಲ್ಲ ತುಂಬಿಕೊಂಡ್ರು. ಒಬ್ಬಾಕೆ ಸೊಪ್ಪು ಮುಟ್ಟಿ ನೋಡಿದ್ರು, ಇನ್ನೊಬ್ಬಾಕೆ ಫೋಟೋ. ಅಣ್ಣ ಚಮಚ ಕೆಳಗಿಟ್ಟು, ಗಲ್ಲಕ್ಕೆ ಅಂಟಿದ್ದನ್ನ ಎಡಗೈಯಲ್ಲಿ ಒರೆಸಿಕೊಂಡ್ರು.

ಕಾಯರ್ ಮೇಡಂ ಒಳ್ಳೇ ಮನಸ್ಸಿಂದಲೇ ಶುರು ಮಾಡಿದ್ರು. "ಇದೆಲ್ಲ ಬರೀ ನೆರಳಮ್ಮ. ನಿಜವಾದದ್ದು ಬಂದಾಯ್ತು. ಇನ್ನೂ ಯಾಕೆ ನೆರಳನ್ನೇ ಹಿಡ್ಕೊಂಡು ಕೂತಿದೀರಿ?"

"ನಮಗೆ ನೆರಳೇ ಬೇಕಿರೋದು," ಅಂದ್ರು ಅಕ್ಕ. "ನೆರಳು ಕಮ್ಮಿ ಆದ್ರೆ ಈ ಗುಡಿಸಲು ನಮ್ಮಲ್ಲಿ ಲೆಕ್ಕಕ್ಕೇ ಇಲ್ಲ." ಆಮೇಲೆ, ದನಿ ಏರಿಸದೆ: "ಅಣ್ಣನ ಊಟ ಆರಿಹೋಗ್ತಿದೆ."

ಎಲ್ಲರೂ ಹೊರಟ್ರು. ಅಕ್ಕ ಕರ್ಟನ್ ಎಳೆದ್ರು. ನನ್ನದೇ ಕರ್ಟನ್, ನನ್ನ ಮುಖಕ್ಕೇ.

ಆ ಮಾತು ಮೇಡಂದಲ್ಲ. ಬೋರ್ಡ್ ಮೇಲೆ ಬರೆದವಳು ನಾನು.

ಅಕ್ಟೋಬರ್ 10, ಶುಕ್ರವಾರ

ನಿನ್ನೆ ಏನೂ ಬರೆಯಲಿಲ್ಲ. ಹೊಲಿಗೆ ಮೆಷಿನಲ್ಲಿ ಬೆರಳು ಚುಚ್ಚಿಕೊಂಡೆ. ಇವರು ಕೇಳಿದ್ರು, "ಮೇಲೆ ಹೋಗ್ತೀಯೋ, ಇನ್ನೂ ಎರಡು ಬೆರಳು ಚುಚ್ಕೋತೀಯೋ?"

ಹೋದೆ. ಶನಿವಾರ ಅವರ ಸಬ್ಬತ್, ಒಲೆ ಹಚ್ಚಲ್ಲ; ಅಕ್ಕ ಇವತ್ತೇ ಅಡುಗೆ ಮಾಡಿಡ್ತಿದ್ರು. ಕೂರು ಅನ್ನಲಿಲ್ಲ. ನಿಂತೇ ಹೇಳಿದೆ — ತಪ್ಪಾಯ್ತು ಅಕ್ಕ, ಕೇಳದೆ ಕರ್ಕೊಂಡು ಬಂದೆ.

"ನಿಮ್ಮ ನಂಬಿಕೆ ನಿಮಗಮ್ಮ. ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ನಮ್ಮಣ್ಣ ಗಲ್ಲ ಒರೆಸಿಕೊಳ್ಳೋದು ನಿಮ್ಮ ಪಾಠದ ಚಿತ್ರ ಅಲ್ಲ."

ಅಳು ಬಂತು. ಅವರು ಸೌಟು ತಿರುಗಿಸ್ತಲೇ ಇದ್ರು. ಆಮೇಲೆ ಉರಿ ಸಣ್ಣ ಮಾಡಿ: "ನಿಮಗೆ ಆ ಗುಡಿಸಲಲ್ಲಿ ನಿಜವಾಗ್ಲೂ ಏನು ಕಾಣತ್ತೆ? ಹೇಳಿ, ಕೇಳ್ತೀನಿ."

ಹೇಳಿದೆ. ದೇವರು ನಮ್ಮ ನಡುವೆ ಬಂದು ಇದ್ದ ಅಂತ ಯೋಹಾನ ಸುವಾರ್ತೆಯಲ್ಲಿ ಬರೆದಾಗ, ಡೇರೆ ಹಾಕಿಕೊಂಡಿದ್ದ ಅನ್ನೋ ಪದ ಬಳಸಿದಾನಂತೆ. ಮೈ ಅಂದ್ರೆ ಡೇರೆ. ಸೋರತ್ತೆ, ಗಾಳಿಗೆ ಅಲ್ಲಾಡತ್ತೆ. ಅಂಥದರಲ್ಲಿ ಬಂದು ಇದ್ದ. ಈ ಹಬ್ಬದ ಕೊನೇ ದಿನವೇ ಕ್ರಿಸ್ತ ದೇವಾಲಯದಲ್ಲಿ ನಿಂತು, ಬಾಯಾರಿದವರು ನನ್ನ ಹತ್ರ ಬನ್ನಿ ಅಂತ ಕೂಗಿದ.

"ಹಬ್ಬಕ್ಕೆ ಅಂತ ಊರಿಗೆ ಬಂದಿದ್ದ ನಮ್ಮ ಯೆಹೂದಿ ಹುಡುಗನೇ ತಾನೆ," ಅಂದ್ರು ಅಕ್ಕ. "ನಾನು ಒಪ್ಪಲ್ಲ. ಆದ್ರೆ ಡೇರೆ ಮಾತು ಚೆನ್ನಾಗಿದೆ." ಸ್ಟೂಲ್ ಕಾಲಲ್ಲೇ ನನ್ನ ಕಡೆ ತಳ್ಳಿದ್ರು.

ಅಕ್ಟೋಬರ್ 12, ಭಾನುವಾರ

ಆರಾಧನೆ ಆದ್ಮೇಲೆ ಪಾಸ್ಟರ್ ಮೈಕ್ ಕೊಟ್ರು, ಬುಧವಾರದ ಅನುಭವ ಹಂಚಿಕೊಳ್ಳಿ ಅಂತ. ಡೇರೆ ಮಾತು ಹೇಳಿದೆ. ಅದನ್ನ ನಂಬ್ತೀನಿ ಅಂತಲೂ ಹೇಳಿದೆ. ಆಮೇಲೆ, ಆ ಮನೆಯವರನ್ನ ಕೇಳದೆ ನುಗ್ಗಿದ್ವಿ, ಕರ್ಕೊಂಡು ಹೋದವಳು ನಾನು, ಫೋಟೋ ಅಳಿಸಿಬಿಡಿ ಅಂದೆ. ಪಾಸ್ಟರ್ ಕೆಮ್ಮಿದ್ರು.

ಹೊರಗೆ ಕಾಯರ್ ಮೇಡಂ ಕಾದಿದ್ರು. "ಅವರಿಗೆ ಬೇಜಾರಾಯ್ತಾ?"

"ಆಯ್ತು ಮೇಡಂ."

"ನಾನೇನು ಸುಳ್ಳು ಹೇಳಿಲ್ವಲ್ಲ."

"ಇಲ್ಲ. ಆದ್ರೆ ಅವರು ಊಟ ಮಾಡ್ತಿದ್ರು."

ಮೇಡಂ ಛತ್ರಿ ಬಿಚ್ಚಿ, ಮತ್ತೆ ಮಡಚಿ, ನಡೆದ್ರು.

ಅಕ್ಟೋಬರ್ 13, ಸೋಮವಾರ

ಮಧ್ಯಾಹ್ನ ಅಕ್ಕ ಬಂದು ಕರೆದ್ರು. "ಗುಡಿಸಲಿಗೆ ದಿನಕ್ಕೊಬ್ಬ ಹಿರಿಯರನ್ನ ಅತಿಥಿ ಅಂತ ಕರೀತೀವಿ. ಅಬ್ರಹಾಮ, ಇಸಾಕ... ಇವತ್ತು ದಾವೀದನ ಸರದಿ. ಅವನ ಜೊತೆ ನೀವೂ ಬನ್ನಿ, ಇಬ್ಬರೂ."

ಇವರು ಕುರ್ಚಿ ಸಮೇತ ಅಣ್ಣನ್ನ ಇಳಿಸಿದ್ರು. ಊಟ ಆಯ್ತು. ಅಣ್ಣ ನನ್ನ ಕಡೆ ಬೆರಳು ತೋರಿಸಿ "ದಾ... ದಾವೀ..." ಅಂತ ಒದ್ದಾಡಿದ್ರು. ಮುಖ ಕೆಂಪಾಯ್ತು. ಅಕ್ಕ ಹೇಳಿದ್ರು, "ದಾವೀದನ ಕೀರ್ತನೆ ನಿಮಗೇನಾದ್ರೂ ಬರತ್ತಾ ಅಂತ ಕೇಳ್ತಿದಾನೆ."

ಕುರುಬನ ಕೀರ್ತನೆ ಚಿಕ್ಕಂದಿನಿಂದ ಬಾಯಿಪಾಠ. ನಾಚಿಕೆಯಿಂದಲೇ ಶುರು ಮಾಡಿದೆ. ಎರಡು ಸಾಲು ಆಗಿತ್ತೇನೋ... ಪಕ್ಕದಿಂದ ಇನ್ನೊಂದು ದನಿ. ಅಣ್ಣ. ಅದೇ ಕೀರ್ತನೆ, ಅವರ ಭಾಷೆಯಲ್ಲಿ. ಪದಕ್ಕೆ ಪದ ಕೂಡ್ತಾ ಹೋಯ್ತು, ಎಲ್ಲೂ ತಡವರಿಸಲಿಲ್ಲ. ನಾನು ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ. ಕೀರ್ತನೆಯ ಕಣಿವೆ ದಾಟಿ, ಮೇಜು ದಾಟಿ, ಬಟ್ಟಲು ದಾಟಿ, ಕೊನೇವರೆಗೂ ಒಬ್ಬರೇ ಹೋದ್ರು. ಸ್ಟ್ರೋಕ್ ಆದ್ಮೇಲೆ ಮೊದಲನೇ ಸಲ.

ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ರು. ಇವರು ಎದ್ದು ಹೋಗಿ ಸುಮ್ಮನೆ ಒಂದು ಕಂಬ ಬಿಗಿ ಮಾಡಿದ್ರು. ಅದು ಸಡಿಲ ಇರಲಿಲ್ಲ.

ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ

ಡ್ಯೂಟಿಗೆ ಹೊರಡ್ಬೇಕು. ಇವರು ಪೈಪ್ ಬಿಚ್ಚಲೋ ಬೇಡವೋ ಅಂತ ಅಂಗಳದಲ್ಲೇ ನಿಂತಿದಾರೆ. ಚಾರ್ಟಿನ ಬಲಗಡೆ ಇನ್ನೂ ಖಾಲಿ. ಬುಧವಾರದೊಳಗೆ ಏನಾದರೂ —

ಮೇಲಿಂದ ಅಕ್ಕ ಕೂಗ್ತಿದಾರೆ. ಅಣ್ಣ ಎದ್ದಾಗಿಂದ ಕಿಟಕಿ ಬಿಟ್ಟು ಕದಲಿಲ್ಲವಂತೆ. ನಿಮಗೆ ಇನ್ನೊಂದು ಕೀರ್ತನೆ ಯಾವುದಾದ್ರೂ ಬರತ್ತಾ ಅಂತ ಕೇಳ್ತಿದಾರಂತೆ. ಬಾಯಿಪಾಠ ಇರೋದು... ಬೆಟ್ಟಗಳದ್ದು ಅರ್ಧ ಬರತ್ತೆ. ಉಳಿದರ್ಧ ಅಣ್ಣನೇ ಹೇಳಲಿ. ಮೇಲೆ ಹೋಗ್ತೀನಿ.