ಅಮ್ಮನ ನಂಬರು

ತಾಯಲೂರು
೧೧ ಸೆಪ್ಟೆಂಬರ್ ೨೦೨೫, ಗುರುವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಕದಿರೇಶ,

ಹೇಗಿದ್ದೀಯೋ? ಎದೆಯುರಿ ಕಡಿಮೆಯಾಯಿತೇ? ಅತ್ತೆಯ ಕೈ ಸಾರು ಖಾರ ಜಾಸ್ತಿ, ನಾಚಿಕೆ ಬಿಟ್ಟು ಮಜ್ಜಿಗೆ ಕೇಳಿ ಹಾಕಿಸಿಕೋ. ಮುನಿರಾಮಪ್ಪ ಮಾವನ ಮಂಡಿನೋವು ಹೇಗಿದೆ? ಮಾವಿನ ತೋಪಿನಲ್ಲಿ ಕೊಂಬೆ ಕತ್ತರಿಸುವುದಕ್ಕೆ ಆಳು ಸಿಗುತ್ತಿಲ್ಲ, ಅದಕ್ಕೇ ಶ್ರೀನಿವಾಸಪುರಕ್ಕೆ ಹೊರಟೆ ಎಂದು ಊರಿಗೆಲ್ಲ ಹೇಳಿ ಹೋದೆಯಲ್ಲ, ಇಲ್ಲಿ ಎಲ್ಲರೂ ನಂಬಿದ್ದಾರೆ. ನಾನು ಮಾತ್ರ ನಂಬಿಲ್ಲ, ಅದು ನಿನಗೂ ಗೊತ್ತು. ಸೋಮವಾರದಿಂದ ನಿನ್ನ ಫೋನು ಸ್ವಿಚ್ ಆಫ್. ಮಾವನಿಗೆ ಮಾಡಿದರೆ "ತೋಪಿನಲ್ಲವ್ನೆ ಕಣಮ್ಮ, ಆಮೇಲ್ ಮಾಡಿಸ್ತೀನಿ" ಎನ್ನುತ್ತಾರೆ. ಆ ಆಮೇಲು ಬರುವುದೇ ಇಲ್ಲ. ಅದಕ್ಕೇ ಈ ಕಾಗದ. ನಮ್ಮೂರ ಮುನಿಶಾಮಿ ಓಡಿಸುವ ಬಸ್ಸು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಮುಟ್ಟುತ್ತದೆ. ಮಾವನ ಮನೆ ಬಾಗಿಲಿಗೇ ತಲುಪಿಸಣ್ಣಾ ಎಂದು ಅವನ ಕೈಗೆ ಕೊಡುತ್ತೇನೆ. ನಿಜ ಹೇಳಬೇಕೆಂದರೆ, ನೀನು ಫೋನಿಗೆ ಸಿಕ್ಕಿದ್ದರೂ ಈ ವಿಷಯ ಅದರಲ್ಲಿ ಮಾತಾಡುವ ಧೈರ್ಯ ನನಗಿರಲಿಲ್ಲ. ಈಗೀಗ ಫೋನು ಮುಟ್ಟಿದರೆ ಸಾಕು ಕಣೋ, ಯಾರು ಕೇಳುತ್ತಿದ್ದಾರೋ, ಆಡಿದ ಮಾತು ಎಲ್ಲಿ ಉಳಿಯುತ್ತದೋ ಎನಿಸುತ್ತದೆ.

ಸೋಮವಾರ ಮನೆಗೆ ಬಂದವರ ಮಾತನ್ನು ನೀನು ಕೊಟ್ಟಿಗೆಯ ಹಿಂದೆ ನಿಂತು ಅರ್ಧ ಕೇಳಿಸಿಕೊಂಡೆ, ಸಂಜೆ ಬಸ್ಸಿಗೇ ಊರು ಬಿಟ್ಟೆ. ಉಳಿದರ್ಧ ಕೇಳು. ಅವರು ಕೋಲಾರದ ಸೈಬರ್ ಠಾಣೆಯ ಪೊಲೀಸರು, ಮಫ್ತಿಯಲ್ಲಿ ಬಂದಿದ್ದರು. ಅಮ್ಮ ಹಸು ಕರೆದು ಕೈ ತೊಳೆಯುತ್ತಿದ್ದಳು. ಒಬ್ಬರು ನಂಬರು ಓದಿ, ಇದು ಯಾರದಮ್ಮ ಎಂದರು. ನಮ್ಮಮ್ಮ ಏನು ಮಾಡಬೇಕು ಹೇಳು? "ನಂದೇ ಸ್ವಾಮಿ, ನಮ್ಮೆಜಮಾನ್ರು ಹೋದ್ಮೇಲೆ ನನ್ ಹೆಸ್ರಿಗೇ ಮಾಡಿಸ್ಕೊಂಡಿದ್ದು, ಬೇಕಾದ್ರೆ ರೇಷನ್ ಕಾರ್ಡ್ ನೋಡಿ" ಎಂದು ಒಳಗಿನಿಂದ ಕಾರ್ಡು ತಂದು ಹೆಮ್ಮೆಯಿಂದ ತೋರಿಸಿದ್ದಾಳೆ! ಪಾಠದ ವಿಡಿಯೋ ಕಳ್ಳತನವಾಗಿದೆ, ಶುಕ್ರವಾರ ಫೋನು, ಆಧಾರ್ ತೆಗೆದುಕೊಂಡು ಠಾಣೆಗೆ ಬಂದು ಹೇಳಿಕೆ ಕೊಡಬೇಕು ಎಂದು ಹೇಳಿ ಹೋದರಂತೆ. ಕಳ್ಳತನ ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳಂತೆ. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದಾಗಲೂ ಅಲ್ಲೇ ಕೂತಿದ್ದಳು. ಅಂದಿನಿಂದ ಮುದ್ದೆ ಮುರಿಯುತ್ತಾಳೆ, ಬಾಯಿಗಿಡುವುದಿಲ್ಲ. ಬೀದಿಯಲ್ಲಿ ಬೈಕು ನಿಂತ ಸದ್ದಾದರೆ ಎದ್ದು ಒಳಕೋಣೆಗೆ ಹೋಗುತ್ತಾಳೆ. ಸುಳ್ಳೇಕೆ, ನಾನೂ ಅವಳ ಹಿಂದೆಯೇ ಹೋಗುತ್ತೇನೆ.

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅಮ್ಮನ ನಂಬರೇ ಅಲ್ಲವೇನೋ. ಗ್ಯಾಸಿಗೆ, ಡೇರಿಗೆ, ಬ್ಯಾಂಕಿಗೆ, ಗೃಹಲಕ್ಷ್ಮಿಗೆ. ನೀನು ಆಫರ್ ಬಂದಾಗಲೆಲ್ಲ ಸಿಮ್ ಬದಲಾಯಿಸುವವನು, ನಾನು ಇವತ್ತಲ್ಲ ನಾಳೆ ಮದುವೆಯಾಗಿ ಹೋಗುವವಳು, ಮನೆಯಲ್ಲಿ ನಿಲ್ಲುವುದು ಅಮ್ಮನ ನಂಬರೊಂದೇ ಎನ್ನುವ ಲೆಕ್ಕ ನಮ್ಮದು. ಹಾಗಾಗಿ ಶಿಕ್ಷಕರ ಪರೀಕ್ಷೆಯ ಪಾಠಕ್ಕೆ ಶಾನವಾಜ್ ಸರ್ ಅವರ ಆ್ಯಪಿನಲ್ಲಿ ಸೇರುವಾಗಲೂ ಅದನ್ನೇ ಕೊಟ್ಟೆ. ಆ್ಯಪು ಎಂದರೆ ದೊಡ್ಡ ಕಂಪನಿಯೇನಲ್ಲ. ಮುಳಬಾಗಿಲಿನಲ್ಲಿ ಮನೆಯ ಮಹಡಿ ಕೋಣೆಯಲ್ಲಿ ಸರ್ ಪಾಠ ಮಾಡುತ್ತಾರೆ, ಅವರ ಹೆಂಡತಿ ಇಶ್ರತ್ ಮೇಡಂ ಕ್ಯಾಮೆರಾ ನೋಡಿಕೊಳ್ಳುತ್ತಾರೆ, ಅಷ್ಟೇ. ನಮ್ಮ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಕೆರೆ ಏರಿ ಹತ್ತಬೇಕು, ಪಾಠ ನೋಡುವುದು ಹೇಗೆ ಸರ್ ಎಂದು ಕೇಳಿದ್ದಕ್ಕೆ ಅವರೇ ಪೆನ್ ಡ್ರೈವಿಗೆ ಹಾಕಿಕೊಟ್ಟರು. "ನಿನಗೋಸ್ಕರ ಎಷ್ಟ್ ಸಲ ಬೇಕಾದ್ರೂ ನೋಡ್ಕೊಮ್ಮ, ಕೆಟ್ಟೋಗುತ್ತೆ ಅಂತ ಇನ್ನೊಂದ್ ಕಾಪಿ ಬೇಕಾದ್ರೂ ಇಟ್ಕೋ. ಹೊಸ್ತಿಲು ಮಾತ್ರ ದಾಟ್ಬಾರ್ದು" ಎಂದಿದ್ದರು. ಯಾರು ದುಡ್ಡು ಕೊಟ್ಟು ಸೇರಿದ್ದಾರೋ ಅವರ ನಂಬರು ಪಾಠದ ಉದ್ದಕ್ಕೂ ಮಸುಕು ಮಸುಕಾಗಿ ಪರದೆಯ ಮೇಲೆ ಓಡಾಡುತ್ತಿರುತ್ತದೆ. ನಾವು ಟಿವಿಗೆ ಹಾಕಿ ನೋಡುವಾಗ ಅಮ್ಮ ಅವರೆಕಾಯಿ ಬಿಡಿಸುತ್ತಾ "ಓ, ಬಂತು ನನ್ ನಂಬರು!" ಎಂದು ನಗುತ್ತಿದ್ದಳು. ಓದು ಬಾರದಿದ್ದರೂ ಆ ಹತ್ತು ಅಂಕಿ ಮಾತ್ರ ಅವಳಿಗೆ ಎಲ್ಲಿದ್ದರೂ ಗುರುತು ಸಿಗುತ್ತದೆ.

ಸೋಮವಾರ ಸಂಜೆ ನಿನ್ನ ಹಿಂದೆ ಓಡಿ ಬಂದು ಕೇಳಿದಾಗ ಬಸ್ ಸ್ಟ್ಯಾಂಡಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. "ಆ ಪಾಠ ಲಕ್ಕೂರಿನ ಫ್ರೆಂಡಿಗೆ ಒಬ್ನಿಗೇ ಕೊಟ್ಟಿದ್ದು ಅಕ್ಕಾ. ಹೆಪ್ಪು ಕೊಟ್ಟಂಗೆ. ಕೊಟ್ರೆ ನಮ್ ಮೊಸ್ರೇನು ಕಮ್ಮಿ ಆಗುತ್ತಾ?" ಎಂದೆ. ಹೌದು, ಈ ಬೀದಿಯಲ್ಲಿ ಹೆಪ್ಪು ಕೇಳಿದರೆ ಇಲ್ಲವೆಂದವರಿಲ್ಲ, ಆ ಹುಡುಗನೂ ಫ್ಯಾಕ್ಟರಿ ಶಿಫ್ಟು ಮುಗಿಸಿಕೊಂಡು ಓದುವವನು ಪಾಪ. ನಾನೇ ಪಕ್ಕದ ಮನೆ ಭಾರತಮ್ಮನ ಮಗಳನ್ನು ಜೊತೆಯಲ್ಲಿ ಕೂರಿಸಿಕೊಂಡು ಅದೇ ಪಾಠ ನೋಡಿಲ್ಲವೇ? ಅದು ತಪ್ಪೆಂದು ಈಗಲೂ ಅನಿಸುತ್ತಿಲ್ಲ. ಹಾಗಾದರೆ ತಪ್ಪು ಶುರುವಾಗುವುದು ಎಲ್ಲಿಂದ ಎಂದು ಸೊಪ್ಪು ಸೋಸುವಾಗಲೂ ಅದೇ ಯೋಚನೆ, ಪಾತ್ರೆ ತಿಕ್ಕುವಾಗಲೂ ಅದೇ ಯೋಚನೆ. ಆ ಹುಡುಗಿ ನೋಡಿ ಎದ್ದು ಹೋದಳು, ಪಾಠ ನಮ್ಮನೆಯಲ್ಲೇ ಉಳಿಯಿತು. ನೀನು ಕೊಟ್ಟದ್ದು ಸ್ನೇಹಿತನ ರೂಮಿನವನಿಗೆ ಹೋಯಿತು, ಅವನಿಂದ ಇನ್ಯಾರಿಗೋ, ಅಲ್ಲಿಂದ ಟೆಲಿಗ್ರಾಮಿಗೆ. ನಮಗೆ ಅದು ಬರೀ ಹೆಪ್ಪು, ಒಪ್ಪಿದೆ. ಆದರೆ ಸರ್ ಮಾರುವುದೇ ಮೊಸರು ಕಣೋ. ಊರಿಗೆಲ್ಲ ಹೆಪ್ಪು ಹಂಚಿದರೆ ಅವರ ಹತ್ತಿರ ಕೊಳ್ಳುವವರು ಯಾರು?

ಮಂಗಳವಾರ ಶಾಲೆಗೆ ರಜೆ ಹಾಕಿ ಮುಳಬಾಗಿಲಿಗೆ ಹೋಗಿದ್ದೆ. ಸರ್ ಬೈಯುತ್ತಾರೆ ಎಂದುಕೊಂಡೇ ಮೆಟ್ಟಿಲು ಹತ್ತಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಸಾವಿರಾರು ಜನರ ಟೆಲಿಗ್ರಾಮ್ ಗುಂಪು. ಅದರಲ್ಲಿ ಸರ್ ಪಾಠ ಮಾಡುತ್ತಿದ್ದಾರೆ, ಅವರ ಮುಖದ ಮೇಲೆ ನಮ್ಮಮ್ಮನ ನಂಬರು ಓಡಾಡುತ್ತಿದೆ. ಕೆಳಗೆ ಯಾರೋ ಆ ನಂಬರಿನವರಿಗೆ ಥ್ಯಾಂಕ್ಸ್ ಬೇರೆ ಹೇಳಿದ್ದಾರೆ! ಹೊಸ ಬ್ಯಾಚಿಗೆ ಒಬ್ಬರೂ ಸೇರಿಲ್ಲವಂತೆ. ಕ್ಯಾಮೆರಾಕ್ಕೆ ಇಶ್ರತ್ ಮೇಡಂ ದುಪಟ್ಟಾ ಮುಚ್ಚಿಟ್ಟಿದ್ದರು. "ಕಂಪ್ಲೇಂಟ್ ಕೊಡೋಕ್ ಮುಂಚೆ ಮೇಲಿಂದ ಮೇಲೆ ಫೋನ್ ಮಾಡ್ದೆ ಚಂದನ, ನಿಂದು ಬೇರೆ ನಂಬರ್ ನನ್ ಹತ್ರ ಇರ್ಲಿಲ್ಲ. ಯಾರೋ ಹೆಂಗಸು ಎತ್ತಿ ಬೈದು ಇಟ್ಬಿಟ್ರು" ಎಂದರು ಸರ್. ಆ ಹೆಂಗಸು ಅಮ್ಮ. ಗುರುತಿಲ್ಲದವರು ಫೋನು ಮಾಡಿದರೆ ಬ್ಯಾಂಕಿನ ದುಡ್ಡು ಹೊಡೆಯುವ ಕಳ್ಳರೇ, ನಾಲ್ಕು ಬೈದು ಇಟ್ಟುಬಿಡು ಎಂದು ಅವಳಿಗೆ ಹೇಳಿಕೊಟ್ಟವನು ನೀನೇ. ಮಗನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಾಳೆ. ತಪ್ಪು ಮಾಡದಿದ್ದರೆ ಯಾಕೆ ಹಾಗೆ ಬೈದು ಇಡುತ್ತಿದ್ದರು ಎಂದು ಪೊಲೀಸರು ಈಗ ಅದನ್ನೇ ಹಿಡಿದುಕೊಂಡಿದ್ದಾರಂತೆ.

ಸರ್ ಕೊನೆಗೆ ಹೇಳಿದ್ದನ್ನು ಗಮನವಿಟ್ಟು ಓದು. "ಯಾರ್ ಕೊಟ್ರೋ ಅವ್ರೇ ಬಂದು ನಿಜ ಹೇಳ್ಲಿ. ನಾನೂ ಠಾಣೆಗೆ ಬಂದು, ಹುಡುಗ್ರು ತಿಳೀದೆ ಮಾಡವ್ರೆ, ಬಿಟ್ಬಿಡಿ ಅಂತ ಕೇಳ್ಕೊತೀನಿ. ಅದ್ರಲ್ಲೂ ಸುಳ್ಳು ಸೇರಿಸಿದ್ರೆ ಮಾತ್ರ ನಾನು ಆ ಕಡೆ ತಲೆ ಹಾಕಲ್ಲ" ಎಂದರು. ನಾನು ನಿನ್ನ ಹೆಸರು ಹೇಳಲಿಲ್ಲ. ತಲೆ ತಗ್ಗಿಸಿಕೊಂಡು ಇಳಿದು ಬಂದೆ. ಮನೆಗೆ ಬಂದು ಅಮ್ಮನಿಗೆ ಮಾತ್ರ ಎಲ್ಲ ಹೇಳಿದೆ, ಅವಳಿಂದ ಮುಚ್ಚಿಡಲು ನನ್ನಿಂದಾಗಲಿಲ್ಲ. ಕೇಳಿಸಿಕೊಂಡು ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು.

ನಿನ್ನ ಭಯ ನನಗೆ ಗೊತ್ತಿಲ್ಲವೇ? ಕಂಡಕ್ಟರ್ ಕೆಲಸದ ಪಟ್ಟಿಯಲ್ಲಿ ಹೆಸರು ಬಂದಿದೆ, ಪೊಲೀಸ್ ವೆರಿಫಿಕೇಷನ್ ಒಂದು ಬಾಕಿ. ಈ ಹೊತ್ತಿನಲ್ಲಿ ಕೇಸಿಗೆ ನಿನ್ನ ಹೆಸರು ಸೇರಿದರೆ ಏನಾಗುತ್ತದೋ ನನಗೆ ತಿಳಿಯದು. ಏನೂ ಆಗುವುದಿಲ್ಲ ಎಂದು ಬರೆಯಬೇಕೆನಿಸುತ್ತದೆ, ಬರೆಯಲಾರೆ. ನನಗೂ ಹೆದರಿಕೆ, ಪಾಠ ಕೊಂಡವಳು ನಾನಲ್ಲವೇ. ಆದರೆ ಅಮ್ಮ ಆ ಠಾಣೆಯ ಬೆಂಚಿನ ಮೇಲೆ ಸೆರಗು ಹೊದ್ದು ಕೂರುವುದನ್ನು ನಾನು ನೋಡಲಾರೆ. ನೀನು ಕಳ್ಳನಲ್ಲ ಕಣೋ. ಸ್ನೇಹಿತನಿಗೆ ಕೊಟ್ಟೆ, ಅದು ಕೈಮೀರಿ ಹೋಯಿತು. ನೀನೇ ಬಾಯಿಬಿಟ್ಟು ಹೇಳಿದರೆ ಅದು ಅಷ್ಟಕ್ಕೇ ನಿಲ್ಲುತ್ತದೆ, ಅವಿತುಕೊಂಡರೆ ದೊಡ್ಡದಾಗುತ್ತದೆ. ನಾಳೆ ಬೆಳಿಗ್ಗೆ ಕೋಲಾರದ ಬಸ್ ಸ್ಟ್ಯಾಂಡಿಗೆ ಬಾ. ನಾನೂ ಅಮ್ಮನೂ ಅಲ್ಲೇ ಕಾಯುತ್ತೇವೆ. ನಿನ್ನ ಪಕ್ಕದಲ್ಲಿ ನಾನು ನಿಲ್ಲುತ್ತೇನೆ, ಏನು ಬಂದರೂ ಇಬ್ಬರೂ ಕೇಳಿಸಿಕೊಳ್ಳೋಣ.

ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳು. ಅವರ ಮುಂದೆ ಇದನ್ನು ಓದಬೇಡ. ನಿನ್ನ ಮೇಲೆ ಕೋಪ ಬೆಟ್ಟದಷ್ಟಿದೆ, ಆದರೂ ಹೊತ್ತುಹೊತ್ತಿಗೆ ಉಣ್ಣು, ಮರ ಹತ್ತುವಾಗ ಜೋಪಾನ. ದೇವರು ನಿನಗೆ ಧೈರ್ಯ ಕೊಡಲಿ.

ನಿನ್ನ ಅಕ್ಕ,
ಚಂದನ

ವಿ.ಸೂ.: ಕಾಗದ ಮಡಿಸುತ್ತಿದ್ದೆ, ಭಾರತಮ್ಮ ಓಡಿ ಬಂದರು. ಡೇರಿಗೆ ಹೋದ ಅಮ್ಮ ಹಾಲಿನ ಕ್ಯಾನು ಅವರ ಕೈಗೆ ಕೊಟ್ಟು ಕೋಲಾರದ ಬಸ್ಸು ಹತ್ತಿದ್ದಾಳಂತೆ. ಇವತ್ತೇ, ಒಬ್ಬಳೇ. ಮನೆಯಲ್ಲಿ ಫೋನೂ ಇಲ್ಲ, ಆಧಾರೂ ಇಲ್ಲ, ಎರಡನ್ನೂ ಒಯ್ದಿದ್ದಾಳೆ. "ನಂಬರ್ ನಂದು, ಕಳ್ಸಿದ್ದೂ ನಾನೇ ಅಂತೀನಿ. ನಮ್ ನಾಯನಾಗೆ, ಕದಿರೇಶಂಗೆ, ಕೆಲ್ಸ ಆಗ್ಲಿ" ಎಂದಳಂತೆ. ಅವಳು ಸುಳ್ಳು ಬರೆಸಿದಳೆಂದರೆ ಸರ್ ಕೈಬಿಡುತ್ತಾರೆ, ಆಮೇಲೆ ಅವಳನ್ನು ಬಿಡಿಸುವವರು ಯಾರು? ನಾನು ಮುಂದಿನ ಬಸ್ಸಿಗೆ ಹೊರಟೆ. ನಾಳೆ ಎಂದದ್ದನ್ನು ಮರೆತುಬಿಡು, ಓದಿದ ಕೈಯಲ್ಲೇ ಕೋಲಾರದ ಠಾಣೆಗೆ ಹೊರಡು, ಬಟ್ಟೆ ಬದಲಾಯಿಸಲೂ ನಿಲ್ಲಬೇಡ. ನಿನ್ನೆ ಸಂಜೆ ಅಮ್ಮ ಒಲೆ ಮುಂದೆ ಕೂತು "ಒಂದ್ ವಿಡಿಯೋ ಇನ್ನೊಬ್ರಿಗೆ ಕಳ್ಸೋದು ಹೆಂಗಮ್ಮಾ, ತೋರ್ಸು" ಎಂದಳು. ಪಾಪ, ಅಷ್ಟಾದರೂ ಮನಸ್ಸು ಹಗುರಾಗಲಿ ಎಂದು ನಾನೇ ಅವಳ ಬೆರಳು ಹಿಡಿದು ಕಲಿಸಿದೆ ಕಣೋ. ಪೊಲೀಸರು ಮಾಡಿ ತೋರಿಸು ಎಂದರೆ ಅವಳು ಒಂದೂ ತಪ್ಪಿಲ್ಲದೆ ಮಾಡಿ ತೋರಿಸುತ್ತಾಳೆ.