ಕೆಂಚನ ಬೇವಿನ ಸ್ನಾನ

ಸಿದ್ದರಾಜು,

ನೀನಿನ್ನೂ ಎದ್ದಿರಲಿಲ್ಲ. ಪರೀಕ್ಷೆ ಬರೆಯಲು ನರಸೀಪುರಕ್ಕೆ ಹೊರಟಿದ್ದೇನೆ.

ನಾಯಿ ಕೆಂಚನಿಗೆ ಮತ್ತೆ ಚಿಗಟ ಹತ್ತಿದೆ. ಬೇವಿನಸೊಪ್ಪು ಕುದಿಸಿಟ್ಟಿದ್ದೇನೆ. ಪೂರಾ ಆರಿದ ಮೇಲೆ ಸೋಸಿ, ಕಣ್ಣಿಗೆ ಬೀಳದ ಹಾಗೆ ಮೈಗೆ ಹುಯ್ಯಿ. ಕತ್ತು, ಬಾಲದ ಬುಡವನ್ನು ಹೇನಿನ ಬಾಚಣಿಗೆಯಲ್ಲಿ ಬಾಚಿ, ಸಿಕ್ಕಿದ ಚಿಗಟವನ್ನೆಲ್ಲ ಸೋಪಿನ ನೀರಿಗೆ ಹಾಕು. ಅದು ಮಲಗುವ ಗೋಣಿಚೀಲವನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹರವು.

ಮೂರು ತಿಂಗಳಿಂದ ಇದೆಲ್ಲ ನನ್ನ ಪಾಲಿಗಿದೆ. ನೀನು ಶನಿವಾರ ತಾಂಡ್ಯದ ಫ್ಯಾಕ್ಟರಿಯಿಂದ ಬನ್ನು ಹಿಡಿದು ಬರುತ್ತೀಯ, ಕೆಂಚ ನಿನ್ನ ಕಾಲು ಬಿಡುವುದಿಲ್ಲ. ನನ್ನನ್ನು ಕಂಡರೆ ಮಂಚದಡಿ ಸೇರುತ್ತದೆ. "ನಿನ್ ಕಂಡ್ರೆ ಅದ್ಕೆ ಬೇವಿನ್ ನೀರೇ ಗ್ಯಾಪಕ ಕಣವ್ವ" ಅಂತ ಅವ್ವ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಇವತ್ತು ಸ್ನಾನ ಮಾಡಿಸುವವನು ನೀನು. ಸಂಜೆ ಬನ್ನು ನಾನು ತರುತ್ತೇನೆ. ಅಲ್ಲಿಯವರೆಗೆ ಅದಕ್ಕೆ ಏನಾದರೂ ತಿನ್ನಿಸಿ ಪುಸಲಾಯಿಸಬೇಡ.

ಅಕ್ಕ